ವೇಶು ಏಡತ್ತಿಯ ತಲೆಯ ನೀರು

ನಮ್ಮೂರಿನ ಮೂಗುಗಳಲ್ಲಿ ಅರ್ಧಕ್ಕರ್ಧ ವೇಶು ಏಡತ್ತಿ ತಿದ್ದಿದವು. ಉಳಿದರ್ಧ, ಆಕೆಯ ಮಾತಿನಲ್ಲೇ ಹೇಳುವುದಾದರೆ, ಆಸ್ಪತ್ರೆಯವರ ಮಾತು ಕೇಳಿ ಹಾಳಾದವು.

ನಮ್ಮೂರು ಅಂದರೆ ಚೆರ್ಪುಳಶ್ಶೇರಿ. ನಾನು ಹುಟ್ಟಿದ್ದು ಕುಂಬಳೆಯಲ್ಲಿ, ಓದಿದ್ದು ಕನ್ನಡ ಶಾಲೆಯಲ್ಲಿ. ಅಂಚೆ ಇಲಾಖೆಯವರು ನನ್ನನ್ನು ಇಲ್ಲಿಗೆ ಎತ್ತಿ ಒಗೆದು ಮೂವತ್ತನಾಲ್ಕು ವರ್ಷವಾಯಿತು. ಎರಡು ವರ್ಷದಲ್ಲಿ ವರ್ಗ ಮಾಡಿಸಿಕೊಂಡು ಹೋಗುತ್ತೇನೆಂದು ಬಂದವನು ಇಲ್ಲೇ ನಿವೃತ್ತನಾಗಿ, ಇಲ್ಲೇ ಮನೆ ಕಟ್ಟಿ, ಮಲಯಾಳದಲ್ಲೇ ಕನಸು ಕಾಣುವ ಮಟ್ಟಕ್ಕೆ ಬಂದಿದ್ದೇನೆ. ನಿದ್ದೆಯಲ್ಲಿ ಮಾತಾಡುತ್ತೇನಂತೆ. ಆಗಲೂ ವ್ಯಾಕರಣ ತಪ್ಪಿರುತ್ತದೆ ಎಂದು ಹೆಂಡತಿ ದೂರುತ್ತಾಳೆ. ಇದನ್ನು ಸುಮ್ಮನೆ ಹೇಳುತ್ತಿಲ್ಲ, ಮುಂದೆ ಬೇಕಾಗುತ್ತದೆ.

ವೇಶು ಏಡತ್ತಿಯ ಕಸುಬು ಬಾಣಂತಿಗೂ ಕೂಸಿಗೂ ನೀರು ಹಾಕುವುದು. ಏಡತ್ತಿ ಅಂದರೆ ಅಕ್ಕ. ಆಕೆಗಿಂತ ದೊಡ್ಡವರೂ ಹಾಗೇ ಕರೆಯುತ್ತಿದ್ದರು. ಹೆರಿಗೆಯಾದ ಮನೆಗೆ ಬೆಳಿಗ್ಗೆ ಏಳಕ್ಕೆ ಬಂದು, ಬಚ್ಚಲಲ್ಲಿ ಮರದ ಹಲಗೆಯ ಮೇಲೆ ಕಾಲು ನೀಡಿ ಕೂತು, ಕಾಲ ಮೇಲೆ ಕೂಸನ್ನು ಮಲಗಿಸಿಕೊಂಡಳೆಂದರೆ ಆ ಮನೆಯ ಯಜಮಾನಿಕೆ ಒಂದು ಗಂಟೆ ಆಕೆಯದು. ಎಡಗೈ ಕೂಸಿನ ಕತ್ತಿಗೆ, ಬಲಗೈ ಎಣ್ಣೆಗೆ. ಬಲಗೈ ಹೆಬ್ಬೆರಳಿನಿಂದ ಮೂಗಿನ ಎರಡೂ ಬದಿ ಒತ್ತಿ, ಮೇಲಕ್ಕೆ ಎಳೆದು, ತುದಿಯಲ್ಲಿ ಸಣ್ಣದೊಂದು ಚಿವುಟು. ಆಮೇಲೆ ಹಣೆ, ಗಲ್ಲ, ಕಿವಿ. ಕೊನೆಗೆ ಮೈ ಒರೆಸಿ, ಸೊಂಟಕ್ಕೆ ಸಿಕ್ಕಿಸಿಕೊಂಡ ತಗಡಿನ ಡಬ್ಬಿ ತೆಗೆದು, ಒಂದು ಚಿಟಿಕೆ ರಾಸ್ನಾದಿ ಪುಡಿಯನ್ನು ನೆತ್ತಿಗೆ ತಿಕ್ಕುತ್ತಿದ್ದಳು.

ಪುಡಿ ಯಾಕೆಂದರೆ ನೀರಿಳಿಯಬಾರದು ಅಂತ. ಈ ಊರಿನಲ್ಲಿ ಕುಡಿಯುವ ನೀರಿಗೆ ವೆಳ್ಳ ಎನ್ನುತ್ತಾರೆ. ‘ನೀರು’ ಅಂದರೆ ಬಾವು. ಕಾಲು ಉಳುಕಿದರೆ ನೀರು, ದವಡೆ ಊದಿದರೆ ನೀರು. ಈ ನೀರು ಎಲ್ಲಿದೆಯೋ ಅಲ್ಲೇ ಇದ್ದರೆ ಅಷ್ಟೇನೂ ಭಯವಿಲ್ಲ. ಆದರೆ ಮಿಂದ ತಲೆಯಿಂದ ಅದು ಕೆಳಗಿಳಿಯಿತೋ, ನೆಗಡಿ, ಕತ್ತು ನೋವು, ಮಂಡಿ ನೋವು, ಏಡತ್ತಿಯ ಪ್ರಕಾರ ಹತ್ತನೇ ತರಗತಿಯಲ್ಲಿ ಫೇಲಾಗುವುದೂ ಅದರಿಂದಲೇ. ಇಲ್ಲಿಯ ದೊಡ್ಡ ದೊಡ್ಡ ಕಾಲೇಜಿನಲ್ಲಿ ಓದಿದವರೂ ಮಿಂದು ಬಂದು ನೆತ್ತಿಗೆ ಪುಡಿ ತಿಕ್ಕದೆ ಹೊಸ್ತಿಲು ದಾಟುವುದಿಲ್ಲ. ನಾನು ತಿಕ್ಕುತ್ತಿರಲಿಲ್ಲ. ಬೋಳುತಲೆಗೆ ಬೇಕಿಲ್ಲ ಎಂದು ನನ್ನ ವಾದ.

ಮೂವತ್ತು ವರ್ಷದ ಹಿಂದೆ ನನ್ನ ಮಗಳು ಹುಟ್ಟಿದಾಗ ಬಚ್ಚಲ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಏಡತ್ತಿ ತಲೆ ಎತ್ತದೆ ಕೇಳಿದಳು.

‘ಏನ್ ಮಾಷೇ, ಟಿಕೆಟ್ ತಗೊಂಡಿದ್ದೀರಾ?’

ಪೋಸ್ಟ್‌ಮಾಸ್ಟರು ಇಲ್ಲಿ ಮಾಷ್ ಆಗುತ್ತಾನೆ. ಇಲ್ಲಿಯವರ ಬಾಯಲ್ಲಿ ಕನ್ನಡಕಕ್ಕೆ ‘ಕಣ್ಣಡ’ ಎಂದು ಹೆಸರು. ನನ್ನ ಭಾಷೆ ಕನ್ನಡ, ಮೂಗಿನ ಮೇಲೆ ಕನ್ನಡಕ. ಹಾಗಾಗಿ ನಾನು ಆಕೆಗೆ ಕಣ್ಣಡ ಮಾಷ್.

‘ನನ್ನ ಮಗಳನ್ನ ನೋಡೋಕೂ ಟಿಕೆಟ್ಟಾ?’ ಅಂದೆ.

‘ನಿಮ್ಮ ಮಗಳೇ, ಅನುಮಾನ ಇಲ್ಲ. ಮೂಗು ನೋಡಿದ್ರೆ ಗೊತ್ತಾಗುತ್ತೆ. ಪಾಪ, ಹೆಣ್ಣು ಕೂಸು. ಇಪ್ಪತ್ತೆಂಟು ದಿನ ಇದೆ, ಎಷ್ಟು ರಿಪೇರಿ ಆಗುತ್ತೋ ನೋಡ್ತೀನಿ.’

ನನ್ನ ಮಗಳ ಮೂಗು ಈಗ ಚೆನ್ನಾಗಿದೆ. ಅದು ತನ್ನ ತವರಿನ ಮೂಗು ಎಂದು ಹೆಂಡತಿ ಹೇಳಿಕೊಳ್ಳುತ್ತಾಳೆ.

ಎಂಟು ವರ್ಷದ ಹಿಂದೆ ಏಡತ್ತಿಯ ಎದೆಯಲ್ಲಿ ಗಂಟು ಕಾಣಿಸಿತು. ಒಂದು ಮೊಲೆ ತೆಗೆದರು, ಔಷಧಿ ಹತ್ತಿಸಿದರು, ಕೂದಲು ಉದುರಿತು, ಮತ್ತೆ ಬಂತು. ಎಲ್ಲ ಮುಗಿದ ಮೇಲೆ ಆರು ತಿಂಗಳಿಗೇ ಹಲಗೆಯ ಮೇಲೆ ಕೂತಳು. ಯಾರೋ ಅಯ್ಯೋ ಪಾಪ ಅಂದದ್ದಕ್ಕೆ, ‘ಹೋಗಿದ್ದು ಮೊಲೆ. ನೀರು ಹಾಕೋಕೆ ಕೈ ತಾನೇ ಬೇಕು?’ ಅಂದಳಂತೆ.

ಆ ಕೈಯೇ ಹೋಯಿತು. ಮೂರು ವರ್ಷದ ಹಿಂದೆ ಓಣಂ ಕಳೆದ ವಾರ ಒಂದು ಮನೆಯಲ್ಲಿ ನೀರು ಹಾಕುತ್ತಿದ್ದಾಗ ಬಲಗೈಯಿಂದ ಚೊಂಬು ಜಾರಿ ಬಿತ್ತು. ಎತ್ತಿಕೊಂಡಳು, ಮತ್ತೆ ಬಿತ್ತು. ಹೆಬ್ಬೆರಳು ಹಿಡಿಯುತ್ತಿರಲಿಲ್ಲ. ಏಡತ್ತಿ ಕೂಸನ್ನು ಅದರ ಅಜ್ಜಿಯ ಕೈಗೆ ಕೊಟ್ಟು, ‘ಇವತ್ತಿಗೆ ನೀವೇ ಮುಗಿಸಿ’ ಎಂದು ಎದ್ದು ಬಂದಳು. ನಲವತ್ತು ವರ್ಷದಲ್ಲಿ ಅರ್ಧಕ್ಕೆ ಬಿಟ್ಟ ಸ್ನಾನ ಅದೊಂದೇ.

ತಲೆಯ ಸ್ಕ್ಯಾನು ಮಾಡಿದರು. ಎದೆಯ ರೋಗ ಮಿದುಳಿಗೆ ಹರಡಿತ್ತು. ಮೂರು ಗಂಟು, ಎಡಗಡೆಯದು ದೊಡ್ಡದು, ಅದರ ಸುತ್ತ ಬಾವು. ಬಲಗೈಯನ್ನು ನಡೆಸುವುದು ಎಡ ಮಿದುಳು ಅನ್ನುತ್ತಾರೆ. ದೊಡ್ಡಾಸ್ಪತ್ರೆಗೆ ಏಡತ್ತಿಯನ್ನೂ ಮಗಳು ಶೋಭನಾಳನ್ನೂ ಕರೆದುಕೊಂಡು ಹೋಗಿದ್ದವನು ನಾನು. ನಿವೃತ್ತನಾದ ಮೇಲೆ ಊರಿನ ಪಾಲಿಯೇಟಿವ್ ಘಟಕದಲ್ಲಿ ಸ್ವಯಂಸೇವಕನಾಗಿದ್ದೆ. ವಾಸಿಯಾಗದ ರೋಗದವರ ಮನೆಗೆ ನರ್ಸಿನ ಜೊತೆ ಜೀಪಿನಲ್ಲಿ ಹೋಗುವುದು, ಕಾಗದ ಪತ್ರ ಓದಿ ಹೇಳುವುದು ನನ್ನ ಕೆಲಸ. ದೊಡ್ಡ ಸೇವಾಮನೋಭಾವವೇನೂ ಅಲ್ಲ. ‘ಮನೇಲಿ ಕೂತು ನನ್ನ ತಲೆ ತಿನ್ನಬೇಡಿ, ಹೊರಗೆ ಹೋಗಿ ಯಾರದ್ದಾದರೂ ತಿನ್ನಿ’ ಎಂದು ಹೆಂಡತಿ ಅಟ್ಟಿದ್ದಳು.

ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಮೆಲ್ಲಗೆ ಹೇಳಿದರು: ‘ಅಮ್ಮಾ, ತಲೆಯೊಳಗೆ ನೀರಿದೆ.’

ಶೋಭನಾ ಅಳಲು ಶುರುಮಾಡಿದಳು. ಏಡತ್ತಿಯ ಮುಖ ಮಾತ್ರ ಅರಳಿತು. ನಾನು ಕಣ್ಣಾರೆ ಕಂಡೆ.

‘ಕೇಳಿದ್ಯೇನೇ ಶೋಭನಾ? ನಲವತ್ತು ವರ್ಷದಿಂದ ಬಾಯಿ ಬಡ್ಕೊಂಡೆ, ತಲೇಲಿ ನೀರು ನಿಲ್ಲುತ್ತೆ ಅಂತ. ಮುದುಕಿ ಕತೆ ಅಂತ ನಕ್ಕಿರಿ. ಈಗ ಮಿಷನ್ನಿಗೇ ಕಾಣಿಸ್ತು! ಡಾಕ್ಟ್ರೇ, ಆ ಫೋಟೋದ್ದು ಇನ್ನೊಂದು ಕಾಪಿ ಕೊಡಿ. ಊರಲ್ಲಿ ಕೆಲವರಿಗೆ ತೋರಿಸೋದಿದೆ.’

ಡಾಕ್ಟರಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ಹತ್ತು ದಿನ ತಲೆಗೆ ಕಿರಣ ಕೊಡುತ್ತೇವೆ, ಅದು ಗಂಟಿಗೆ; ಮೊದಲು ಅದರಿಂದ ಬಾವು ಸ್ವಲ್ಪ ಹೆಚ್ಚಲೂಬಹುದು, ಅದಕ್ಕೇ ಇವತ್ತಿನಿಂದ ಈ ಚಿಕ್ಕ ಮಾತ್ರೆ, ಎಂದು ವಿವರಿಸಿದರು. ಏಡತ್ತಿ ಒಂದೇ ಪ್ರಶ್ನೆ ಕೇಳಿದಳು.

‘ಕೈ ಬರುತ್ತಾ?’

‘ಬರಬಹುದು. ಎಷ್ಟು ದಿನ ಇರುತ್ತೆ ಅಂತ ನಾನು ಹೇಳೋಕಾಗಲ್ಲ ಅಮ್ಮಾ.’

‘ಇಪ್ಪತ್ತೆಂಟರ ತನಕ ಇದ್ರೆ ಸಾಕು.’

ಡಾಕ್ಟರು ಗೋಡೆಯ ಕ್ಯಾಲೆಂಡರ್ ನೋಡಿದರು. ನಾನು ಬಿಡಿಸಿ ಹೇಳಬೇಕಾಯಿತು. ಶೋಭನಾಳ ಮಗಳು ರಜಿಷಳಿಗೆ ಆರನೆಯ ತಿಂಗಳು. ಧನು ಮಾಸಕ್ಕೆ ಹೆರಿಗೆ. ಹೆತ್ತಂದಿನಿಂದ ಇಪ್ಪತ್ತೆಂಟನೆಯ ದಿನ ಕೂಸಿನ ಸೊಂಟಕ್ಕೆ ಕಪ್ಪು ನೂಲು ಕಟ್ಟಿ ಹೆಸರಿಡುತ್ತಾರೆ, ಅಲ್ಲಿಗೆ ನೀರು ಹಾಕುವವಳ ಕೆಲಸ ಮುಗಿಯುತ್ತದೆ. ಊರವರ ಕೂಸುಗಳನ್ನೆಲ್ಲ ಮೀಯಿಸಿದ ಕೈಗೆ ಮೊಮ್ಮಗಳ ಕೂಸು ತಪ್ಪಬಾರದು, ಅಷ್ಟೇ ಆಕೆಯ ಬೇಡಿಕೆ. ಡಾಕ್ಟರು ಬೆರಳು ಮಡಚಿ ತಿಂಗಳು ಎಣಿಸಿ, ‘ನೋಡೋಣ’ ಅಂದರು.

ಹತ್ತು ದಿನ ಮುಖಕ್ಕೆ ಜಾಳಿಗೆಯ ಮುಸುಕು ಬಿಗಿದು ಮಲಗಿಸಿ ಕಿರಣ ಕೊಟ್ಟರು. ತಲೆ ಬೋಳಾಯಿತು. ‘ಒಳ್ಳೇದೇ ಆಯ್ತು, ಇನ್ನು ಪುಡಿ ನೇರ ತಾಗುತ್ತೆ’ ಅಂದಳು ಏಡತ್ತಿ. ಆದರೆ ಕಿರಣ ಬಿದ್ದ ಚರ್ಮಕ್ಕೆ ಪುಡಿ ಗಿಡಿ ಏನೂ ಹಚ್ಚಕೂಡದು ಎಂದು ನಮ್ಮ ಘಟಕದ ನರ್ಸ್ ಸುಹರಾ ಡಬ್ಬಿಯನ್ನೇ ಎತ್ತಿ ಕಪಾಟಿನ ಮೇಲಿಟ್ಟಳು. ಸುಹರಾಳ ಮೂಗೂ, ಅವಳ ಮೂವರು ಮಕ್ಕಳ ಮೂಗೂ ಏಡತ್ತಿಯ ಕೈಕೆಲಸವೇ.

‘ನಿನ್ನ ಮೂಗು ಹಿಡಿದು ನೆಟ್ಟಗೆ ಮಾಡಿದವಳು ನಾನು,’ ಅಂದಳು ಏಡತ್ತಿ. ‘ಈಗ ನನ್ನ ವಿಷಯದಲ್ಲೇ ಮೂಗು ತೂರಿಸ್ತೀಯಾ?’

‘ನೆಟ್ಟಗೆ ಮಾಡಿದ್ದಕ್ಕೇ ತೂರಿಸೋಕೆ ಬರ್ತಿದೆ ಏಡತ್ತಿ. ಬಾಯಿ ತೆಗೀರಿ, ಮಾತ್ರೆ.’

ಸುಹರಾ ಗೋಡೆಯ ಕ್ಯಾಲೆಂಡರಿನಲ್ಲಿ ಮಾತ್ರೆಯ ಲೆಕ್ಕ ಬರೆದಳು. ಇಡೀ ಮಾತ್ರೆಗೆ ಪೂರ್ಣಚಂದ್ರ, ಅರ್ಧ ಮಾತ್ರೆಗೆ ಅರ್ಧಚಂದ್ರ. ಮೊದಲ ವಾರ ಬೆಳಿಗ್ಗೆ ಎರಡು ಚಂದ್ರ, ಮಧ್ಯಾಹ್ನ ಎರಡು. ಸಂಜೆಯ ಮೇಲೆ ಬೇಡ, ನಿದ್ದೆ ಕೆಡುತ್ತದೆ. ಊಟದ ಜೊತೆಗೇ ನುಂಗಬೇಕು, ಹೊಟ್ಟೆ ಉರಿಯುತ್ತದೆ. ಕಿರಣ ಮುಗಿದ ಮೇಲೆ ಒಂದೊಂದಾಗಿ ಚಂದ್ರ ಕಡಿಮೆಯಾಗುತ್ತಾ ಹೋಗುತ್ತದೆ. ‘ಆದರೆ ನೀವಾಗಿ ನಿಲ್ಲಿಸಕೂಡದು, ಒಂದು ದಿನ ಕೂಡ. ಇದನ್ನ ನುಂಗ್ತಾ ಇದ್ರೆ ಮೈ ತನ್ನೊಳಗೇ ಇಂಥದ್ದನ್ನ ಮಾಡಿಕೊಳ್ಳೋದು ಮರೆತುಬಿಡುತ್ತೆ. ಫಕ್ಕನೆ ನಿಲ್ಲಿಸಿದ್ರೆ ಮೈಯೂ ಬೀಳುತ್ತೆ, ತಲೆಯ ನೀರೂ ವಾಪಸು ಬರುತ್ತೆ’ ಎಂದು ಶೋಭನಾಳಿಗೂ ನನಗೂ ಮೂರು ಸಲ ಹೇಳಿದಳು.

ಮಾತ್ರೆ ಶುರುವಾದ ಮೂರನೆಯ ದಿನ ಏಡತ್ತಿ ಬಲಗೈಯಲ್ಲಿ ಚೊಂಬು ಎತ್ತಿದಳು. ಹೆಬ್ಬೆರಳು ಹಿಡಿಯಿತು. ಅಕ್ಕಪಕ್ಕದವರನ್ನು ಕರೆದು ಹತ್ತು ಸಲ ಎತ್ತಿ ತೋರಿಸಿದಳು. ಕೈಯ ಜೊತೆ ಹಸಿವೂ ಬಂತು. ಬಾಣಂತಿಯರಿಗೆ ಪಥ್ಯ ಹೇಳಿ ಹೇಳಿ ತಾನೂ ಹಿಡಿಯಷ್ಟೇ ಉಣ್ಣುತ್ತಿದ್ದ ಹೆಂಗಸು ಈಗ ಬೆಳಿಗ್ಗೆ ಮೂರು ಕೊಳವೆ ಪುಟ್ಟು ತಿಂದು, ಹತ್ತು ಗಂಟೆಗೆ ಬೂತಾಯಿ ಮೀನು ಹುರಿದುಕೊಡು ಎಂದು ಶೋಭನಾಳ ಬೆನ್ನು ಹತ್ತಿದಳು. ಮಾತು ಮೊದಲೇ ಕಡಿಮೆಯಿರಲಿಲ್ಲ. ಈಗ ನಿಲ್ಲುವುದೇ ಇಲ್ಲ. ಸಿಟ್ಟೂ ಮೂಗಿನ ತುದಿಯಲ್ಲೇ. ಮುಖ ದಿನೇ ದಿನೇ ದುಂಡಗಾಯಿತು. ಹಿಮ್ಮಡಿಯ ಹತ್ತಿರ ಒತ್ತಿದರೆ ಬೆರಳು ಹೂತುಹೋಗುತ್ತಿತ್ತು. ಇದೆಲ್ಲ ಮಾತ್ರೆಯ ಗುಣ ಎಂದು ಸುಹರಾ ಸಕ್ಕರೆ ಪರೀಕ್ಷೆ ಮಾಡಿ, ಬರೆದುಕೊಂಡು ಹೋಗುತ್ತಿದ್ದಳು.

ಕಿರಣ ಮುಗಿದು ತಿಂಗಳಾದ ಮೇಲೆ ಮತ್ತೆ ಸ್ಕ್ಯಾನಿಗೆ ಹೋದೆವು. ಡಾಕ್ಟರು ಗಡಿಬಿಡಿಯಲ್ಲಿದ್ದರು. ನನ್ನ ಕೈಗೆ ವರದಿ ಕೊಟ್ಟು, ಬಾವು ಬಹಳ ಕಡಿಮೆಯಾಗಿದೆ, ಅಮ್ಮನಿಗೆ ಹೇಳಿ, ಖುಷಿಪಡಲಿ ಎಂದು ಇಂಗ್ಲಿಷಿನಲ್ಲಿ ಹೇಳಿ ಒಳಗೆ ಹೋದರು. ಇಂಥ ಒಳ್ಳೆಯ ಸುದ್ದಿ ಹೇಳುವ ಯೋಗ ನನಗೆ ಅಪರೂಪ. ಜಗುಲಿಯ ಬೆಂಚಿನ ಮೇಲೆ ಕೂತಿದ್ದ ಏಡತ್ತಿಯ ಹತ್ತಿರ ಓಡಿದೆ.

‘ಏಡತ್ತಿ, ನೀರ್ ಇರಂಗಿ!’ ಅಂದೆ. ನೀರು ಇಳಿಯಿತು.

ಏಡತ್ತಿ ನನ್ನ ಮುಖ ನೋಡಿದಳು. ‘ನಿಜವಾಗ್ಲೂ?’

‘ನಿಜವಾಗ್ಲೂ. ಇಲ್ಲಿ ಬರೆದಿದೆ. ಮುಕ್ಕಾಲು ಪಾಲು ಇಳಿದುಬಿಟ್ಟಿದೆ!’

ಆಕೆ ದಾರಿಯುದ್ದಕ್ಕೂ ಸುಮ್ಮನಿದ್ದಳು. ಸಂತೋಷಕ್ಕೆ ಮಾತು ನಿಂತಿದೆ ಎಂದು ತಿಳಿದು ನಾನು ಮಧ್ಯೆ ಜೀಪು ನಿಲ್ಲಿಸಿ ಎಲ್ಲರಿಗೂ ಬಾಳೆಹಣ್ಣಿನ ಪೋಡಿ, ಚಹಾ ಕೊಡಿಸಿದೆ. ಏಡತ್ತಿ ತಿನ್ನಲಿಲ್ಲ. ಆ ಹಸಿವಿನ ಹೆಂಗಸು ತಿನ್ನಲಿಲ್ಲ ಎಂದ ಮೇಲೂ ನನ್ನ ತಲೆಗೆ ಹೊಳೆಯಲಿಲ್ಲ ನೋಡಿ.

ಆರನೆಯ ದಿನ ಶೋಭನಾ ಫೋನು ಮಾಡಿದಳು. ಸುಹರಾ, ನಾನು ಓಡಿದೆವು. ಏಡತ್ತಿ ಹಾಸಿಗೆಯಲ್ಲಿ ಕಣ್ಣು ಮುಚ್ಚಿ ನರಳುತ್ತಿದ್ದಳು. ಬೆಳಗಿನಿಂದ ವಾಂತಿ, ತಲೆ ಸಿಡಿಯುವ ನೋವು. ಬಲಗೈ ಹಾಸಿಗೆಯ ಮೇಲೆ ಬಿದ್ದಿತ್ತು, ಎತ್ತಿದರೆ ಬೀಳುತ್ತಿತ್ತು. ನನ್ನನ್ನು ನೋಡಿ ‘ಚೊಂಬೇ, ಕೂತ್ಕೋ’ ಅಂದಳು. ಬೇರೆ ದಿನವಾಗಿದ್ದರೆ ಬೈಗುಳವೆಂದುಕೊಳ್ಳಬಹುದಿತ್ತು. ಅದು ಪದ ತಪ್ಪಿ ಬಾಯಿಗೆ ಬಂದದ್ದು.

‘ಮಾತ್ರೆ?’ ಎಂದು ಸುಹರಾ ಕೇಳಿದಳು.

‘ಒಂದೂ ತಪ್ಪಿಸಿಲ್ಲ,’ ಅಂದಳು ಶೋಭನಾ. ‘ನಾನೇ ಬಿಡಿಸಿ ಕೈಗೆ ಕೊಡ್ತೀನಿ. ನೋಡಿ, ಹಾಳೆ ಖಾಲಿಯಾಗಿದೆ.’

ಹಾಳೆಯೇನೋ ಖಾಲಿಯಿತ್ತು. ಸುಹರಾ ಏಡತ್ತಿಯ ತಲೆಯ ಬಟ್ಟೆ ಸರಿಸಿ ನೋಡಿದಳು. ಬೋಳು ನೆತ್ತಿಯ ಮೇಲೆ ಕಂದು ಪುಡಿ ಮೆತ್ತಿತ್ತು, ಅದರೊಳಗೆ ಬಿಳಿ ಬಿಳಿ ಚುಕ್ಕೆ. ದಿಂಬಿನ ಕೆಳಗೆ ಕೈ ಹಾಕಿದಳು. ಕಪಾಟಿನ ಮೇಲಿದ್ದ ರಾಸ್ನಾದಿ ಡಬ್ಬಿ ಅಲ್ಲಿತ್ತು. ಮುಚ್ಚಳ ತೆಗೆದು ನನ್ನ ಮೂಗಿನ ಹತ್ತಿರ ಹಿಡಿದಳು. ಆರು ದಿನದ ಮಾತ್ರೆ ಅರೆದು ಪುಡಿಯಲ್ಲಿ ಕಲಸಿತ್ತು.

ನಮ್ಮ ಘಟಕದ ಡಾಕ್ಟರಿಗೆ ಫೋನು ಮಾಡಿ ಕೇಳಿ, ಸುಹರಾ ಅದೇ ಔಷಧಿಯ ಇಂಜೆಕ್ಷನ್ ಕೊಟ್ಟಳು. ಎರಡು ದಿನ ಬೆಳಿಗ್ಗೆ ಸಂಜೆ ಬಂದು ಕೊಟ್ಟಳು. ಮೂರನೆಯ ದಿನ ನಾವು ಹೋದಾಗ ಏಡತ್ತಿ ದಿಂಬಿಗೆ ಒರಗಿ ಕೂತು ಗಂಜಿ ಕುಡಿಯುತ್ತಿದ್ದಳು. ಸುಹರಾ ಅವಳೆದುರು ಕೈ ಚಾಚಿದಳು.

‘ನನ್ನ ಕೈ ಹಿಡೀರಿ. ಬಿಗಿಯಾಗಿ.’

ಏಡತ್ತಿ ಬಲಗೈಯಿಂದ ಹಿಡಿದಳು. ಸುಹರಾಗೆ ನೋವಾಗುವಷ್ಟು ಬಿಗಿಯಾಗಿಯೇ ಹಿಡಿದಳು. ಸುಹರಾ ಉಸಿರು ಬಿಟ್ಟು ಮಂಚದ ಮೇಲೆ ಕೂತು, ಆಮೇಲೆ ಬೈಯಲು ಶುರುಮಾಡಿದಳು.

‘ನಿಮಗೆ ತಲೆ ಕೆಟ್ಟಿದೆಯಾ? ಮಾತ್ರೆ ಯಾರಾದ್ರೂ ತಲೆಗೆ ಹಚ್ಚಿಕೊಳ್ತಾರಾ?’

‘ತಲೆ ಕೆಟ್ಟಿದೆ ಅಂತ ತಾನೇ ಫೋಟೋ ತೆಗೆದಿದ್ದು? ನಾನೇನು ಮಾಡ್ಲಿ ಮೋಳೇ. ಮಾಷೇ ಬಂದು ಹೇಳಿದ್ರು, ನೀರಿಳೀತು ಅಂತ. ನೀನು ಪುಡಿ ಹಚ್ಚಬೇಡ ಅಂದೆ. ಹಚ್ಚಲಿಲ್ಲ, ಇಳೀತು. ತಲೇಲಿದ್ದದ್ದು ಮುಖಕ್ಕಿಳೀತು, ನೋಡು ಹೇಗೆ ಊದಿದೆ. ಮುಖದಿಂದ ಪಾದಕ್ಕಿಳೀತು. ಇನ್ನು ಕೈಗೆ ಬಂದ್ರೆ ಗತಿ ಏನು? ತಲೆಯ ಔಷಧೀನ ಹೊಟ್ಟೆಗೆ ಹಾಕಿದ್ರೆ ಅದು ನೀರನ್ನ ಕೆಳಗೇ ತಾನೇ ಎಳೆಯೋದು? ತಲೆಗೇ ಹಾಕಿದೆ. ಇಬ್ಬರ ಮಾತೂ ನಡೆಸಿದ ಹಾಗಾಯ್ತು, ಡಾಕ್ಟ್ರದ್ದೂ ನನ್ನದೂ.’

ಸುಹರಾ ನಿಧಾನವಾಗಿ ನನ್ನ ಕಡೆ ತಿರುಗಿದಳು. ‘ಮಾಷೇ, ನೀವು ಏನಂತ ಹೇಳಿದ್ರಿ?’

‘ನೀರ್ ಇರಂಗಿ ಅಂದೆ.’

‘ಅಯ್ಯೋ ನನ್ನ ರಬ್ಬೇ! ನೀರ್ ವಲಿಂಞು ಅನ್ನಬೇಕು. ಇಂಗಿತು ಅನ್ನಬೇಕು. ತಲೆಯ ನೀರು ಇಳೀತು ಅಂದ್ರೆ ಈ ಊರಲ್ಲಿ ಯಾರು ಖುಷಿಪಡ್ತಾರೆ?’

ಕನ್ನಡದಲ್ಲಿ ಬಾವು ಇಳಿಯುತ್ತದೆ. ಜ್ವರ ಇಳಿಯುತ್ತದೆ, ಸಿಟ್ಟು ಇಳಿಯುತ್ತದೆ, ಅಮಲು ಇಳಿಯುತ್ತದೆ. ನನ್ನ ಭಾಷೆಯಲ್ಲಿ ಕೆಟ್ಟದ್ದು ಇಳಿದರೆ ಒಳ್ಳೆಯದೇ. ಇಷ್ಟು ವರ್ಷ ಇವರ ಕಾಗದ ಹಂಚಿ, ಇವರ ತಂತಿ ಓದಿ ಹೇಳಿ, ಕೊನೆಗೆ ಒಂದು ಕ್ರಿಯಾಪದವನ್ನು ಕುಂಬಳೆಯಿಂದ ತಂದು ಇವರ ತಲೆಯ ಮೇಲೆ ಹಾಕಿದ್ದೆ. ನಾಚಿಕೆಯಿಂದ ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ‘ತಪ್ಪಾಯ್ತು ಏಡತ್ತಿ’ ಅಂದೆ.

ಏಡತ್ತಿ ಗಂಜಿಯ ಬಟ್ಟಲು ಕೆಳಗಿಟ್ಟಳು.

‘ನಿಮ್ಮ ಕಣ್ಣಡದಲ್ಲಿ ನೀರಿಗೆ ಏನಂತಾರೆ?’

‘ಬಾವು.’

‘ಮತ್ತೆ ನೀರು ಅಂದ್ರೆ?’

‘ನೀರು ಅಂದ್ರೆ ವೆಳ್ಳ. ಕುಡಿಯೋದು.’

ಆಕೆ ನಗತೊಡಗಿದಳು. ದುಂಡು ಮುಖವೆಲ್ಲ ಅಲುಗಿತು. ‘ಹಾಗಾದ್ರೆ ನಿಮ್ಮೂರಲ್ಲಿ ನನಗೆ ಕಾಯಿಲೆಯೇ ಇಲ್ಲ. ತಲೇಲಿ ಬರೀ ಬಾವಿನೀರು! ಶೋಭನಾ, ನನ್ನನ್ನ ಕುಂಬಳೆಗೆ ಕಳಿಸೇ.’

ಸುಹರಾ ಕ್ಯಾಲೆಂಡರಿನಲ್ಲಿ ಚಂದ್ರಗಳನ್ನು ಹೊಸದಾಗಿ ಬರೆದಳು. ಇನ್ನು ಮೇಲೆ ಅವಳದು ತಕ್ಕಡಿಯ ಕೆಲಸ. ಮಾತ್ರೆ ಹೆಚ್ಚಾದರೆ ಸಕ್ಕರೆ ಏರುತ್ತದೆ, ಬಾಯಿ ಹುಣ್ಣಾಗುತ್ತದೆ. ಕಡಿಮೆಯಾದರೆ ತಲೆನೋವು ಮರಳುತ್ತದೆ. ಎಷ್ಟು ಕಡಿಮೆಯಲ್ಲಿ ಕೈ ನಿಲ್ಲುತ್ತದೋ ಅಷ್ಟಕ್ಕೆ ತಂದು ನಿಲ್ಲಿಸಬೇಕು. ಇದರ ನಡುವೆ ಹೊಸ ತಾಪತ್ರಯವೊಂದು ಬಂತು. ತೊಡೆಯ ಬಲ ಕುಂದಿತು. ಕೂತರೆ ಏಳಲು ಆಗುತ್ತಿರಲಿಲ್ಲ. ಇದೂ ಮಾತ್ರೆಯದೇ ಗುಣ. ಕೈ ಕೊಟ್ಟದ್ದೂ ಅದೇ, ಕಾಲಿಗೆ ಕೈ ಕೊಟ್ಟದ್ದೂ ಅದೇ.

‘ಮಾತ್ರೆ ಇನ್ನೂ ಇಳಿಸೋಣವಾ ಏಡತ್ತಿ? ಕಾಲಿಗೆ ಒಳ್ಳೇದು,’ ಎಂದಳು ಸುಹರಾ.

‘ಬೇಡ. ನೀರು ಹಾಕೋವಾಗ ಕಾಲು ನೀಡಿ ಕೂತಿರ್ತೀನಿ. ಕಾಲಿಗೇನು ಕೆಲಸ? ಕೂರಿಸೋಕೆ ಇಬ್ಬರು, ಎಬ್ಬಿಸೋಕೆ ಇಬ್ಬರು ಇದ್ರೆ ಸಾಕು.’

ಧನು ಮಾಸದ ಎರಡನೆಯ ವಾರ ರಜಿಷ ಹೆತ್ತಳು, ಹೆಣ್ಣು. ರಜಿಷ ಆಸ್ಪತ್ರೆಯೊಂದರಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸದವಳು, ಕಟ್ಟುನಿಟ್ಟಿನ ಹುಡುಗಿ. ಅಜ್ಜಿಗೆ ಮೊದಲೇ ಷರತ್ತು ಹಾಕಿದಳು.

‘ಅಮ್ಮಮ್ಮಾ, ನೀರು ಹಾಕಿ, ಬೇಡ ಅನ್ನಲ್ಲ. ಆದರೆ ಮೂಗು ಒತ್ತಕೂಡದು. ಮಕ್ಕಳ ಡಾಕ್ಟ್ರು ಹೇಳಿದ್ದಾರೆ. ನೆತ್ತಿಗೆ ಪುಡಿಯೂ ಬೇಡ, ಉಸಿರಿಗೆ ಹೋಗುತ್ತೆ.’

ಮನೆಯಲ್ಲಿ ಮಹಾಯುದ್ಧವಾಗುತ್ತದೆ ಎಂದು ನಾವೆಲ್ಲ ಕಾದೆವು. ಏಡತ್ತಿ ‘ಆಯ್ತು ಮೋಳೇ, ನೀನು ಹೇಳಿದ ಹಾಗೆ’ ಅಂದಳು. ಶೋಭನಾ ಗಾಬರಿಯಾಗಿ ಸುಹರಾಗೆ ಫೋನು ಮಾಡಿ, ಅಮ್ಮನ ತಲೆಯಲ್ಲಿ ಮತ್ತೆ ನೀರು ಹೆಚ್ಚಾಗಿರಬಹುದೇ ಎಂದು ಕೇಳಿದಳಂತೆ.

ಪ್ರತಿ ಬೆಳಿಗ್ಗೆ ಇಬ್ಬರು ಹಿಡಿದು ಆಕೆಯನ್ನು ಹಲಗೆಯ ಮೇಲೆ ಕೂರಿಸುತ್ತಿದ್ದರು. ಕೂಸನ್ನು ಕಾಲ ಮೇಲೆ ಮಲಗಿಸುತ್ತಿದ್ದರು. ಚೊಂಬಿನಲ್ಲಿ ನೀರು ಹೊಯ್ಯಲು ಶೋಭನಾ. ಮೂಗು ಒತ್ತಲಿಲ್ಲ, ಪುಡಿ ತಿಕ್ಕಲಿಲ್ಲ. ‘ಅಮ್ಮಮ್ಮ ಎಷ್ಟು ಬದಲಾಗಿದ್ದಾರೆ ನೋಡಿ ಮಾಷೇ,’ ಎಂದು ರಜಿಷ ಹೆಮ್ಮೆಯಿಂದ ಹೇಳಿದಳು. ‘ವಿಜ್ಞಾನ ಅಂದ್ರೆ ಕಾಯಿಲೆ ಬಂದ ಮೇಲೆ ಅರ್ಥ ಆಗುತ್ತೆ.’ ನಾನೂ ತಲೆಯಾಡಿಸಿದೆ.

ಇಪ್ಪತ್ತೆಂಟರ ದಿನ ನನ್ನನ್ನೂ ಸುಹರಾಳನ್ನೂ ಕರೆದಿದ್ದರು. ಸುಹರಾ ಒಳಗೆ ಸಕ್ಕರೆ ನೋಡುವ ಯಂತ್ರ ಜೋಡಿಸುತ್ತಿದ್ದಳು. ಒಳಗಿನವರು ಕಪ್ಪು ನೂಲು, ಚಿನ್ನದ ಅರಳೆಲೆ ಎಂದು ಗಡಿಬಿಡಿಯಲ್ಲಿದ್ದರು. ನಾನು ಬಚ್ಚಲ ಬಾಗಿಲಲ್ಲಿ ಹೋಗಿ ನಿಂತೆ.

‘ಟಿಕೆಟ್ ತಗೊಂಡಿದ್ದೀರಾ ಮಾಷೇ?’ ತಲೆ ಎತ್ತದೆ ಕೇಳಿದಳು.

‘ಹಳೇ ಟಿಕೆಟ್ಟೇ ಇದೆ ಏಡತ್ತಿ.’

ಎಡಗೈ ಕೂಸಿನ ಕತ್ತಿನ ಕೆಳಗಿತ್ತು. ಬಲ ಅಂಗೈ ಎದೆಯಿಂದ ಹೊಟ್ಟೆಗೆ, ಹೊಟ್ಟೆಯಿಂದ ಕಾಲಿಗೆ ನಿಧಾನವಾಗಿ ಹೋಗಿ ಬರುತ್ತಿತ್ತು. ಕೂಸು ಅಳಲಿಲ್ಲ. ಆಕೆಯ ಕಾಲ ಮೇಲೆ ಯಾವ ಕೂಸೂ ಹೆಚ್ಚು ಹೊತ್ತು ಅತ್ತದ್ದಿಲ್ಲ. ಮಿಂದು ಮುಗಿಯಿತು, ಒರೆಸಿದ್ದೂ ಆಯಿತು. ಹಳೆಯ ಅಭ್ಯಾಸಕ್ಕೆ, ಹೊಸ ಪುಡಿ ತುಂಬಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಡಬ್ಬಿ ತೆಗೆದು ಮಡಿಲಲ್ಲಿಟ್ಟು, ತೋರುಬೆರಳು ನಡುಬೆರಳುಗಳ ಸಂದಿಯಲ್ಲಿ ಚಿಟಿಕೆ ಪುಡಿ ತೆಗೆದಳು. ಕೂಸನ್ನು ಎತ್ತಿಕೊಳ್ಳಲು ಬಂದ ರಜಿಷ, ‘ಅಮ್ಮಮ್ಮಾ!’ ಎಂದು ಕಣ್ಣು ಬಿಟ್ಟಳು.

‘ಇಲ್ಲ ಕಣೇ, ಕೂಸಿಗಲ್ಲ. ಎತ್ಕೊಂಡು ಹೋಗು, ತಣ್ಣಗಾಗುತ್ತೆ.’

ರಜಿಷ ಕೂಸನ್ನು ಒಳಗೆ ಒಯ್ದಳು, ಶೋಭನಾ ಹಿಂದೆಯೇ ಹೋದಳು. ಏಡತ್ತಿ ನನ್ನ ಕಡೆ ನೋಡಿದಳು.

‘ತೆಗೆದ ಪುಡಿ ಮತ್ತೆ ಡಬ್ಬಿಗೆ ಹಾಕೋ ಹಾಗಿಲ್ಲ. ಬಗ್ಗಿ ಮಾಷೇ.’

‘ನನ್ನ ತಲೇಲಿ ಇಳಿಯೋಕೆ ಏನಿದೆ ಏಡತ್ತಿ?’

‘ಏನೂ ಇಲ್ಲ ಅಂತ ಊರಿಗೇ ಗೊತ್ತಾಗಿದೆ. ಬಗ್ಗಿ.’

ಕನ್ನಡಕ ತೆಗೆದು ಕೈಯಲ್ಲಿ ಹಿಡಿದು ಆಕೆಯೆದುರು ಕುಕ್ಕರುಗಾಲಲ್ಲಿ ಕೂತು ತಲೆ ಬಗ್ಗಿಸಿದೆ. ನೆತ್ತಿಯ ಮೇಲೆ ಕೈ ಬಿತ್ತು. ಎಣ್ಣೆಯ ಜಿಡ್ಡು, ಬಿಸಿನೀರಿನ ಬಿಸಿ ಇನ್ನೂ ಇತ್ತು. ಗಟ್ಟಿಯಾಗಿ ತಿಕ್ಕಿದಳು. ಒಂದು, ಎರಡು, ಮೂರು, ನಾಲ್ಕು ಬೆರಳು. ಐದನೆಯದು, ಆ ಹೆಬ್ಬೆರಳು, ನನ್ನ ಹಣೆಯ ಮೇಲೆ ಸುಮ್ಮನೆ ಬಿದ್ದುಕೊಂಡು, ಕೈ ಎಳೆದ ಕಡೆಗೆ ಎಳೆದುಕೊಂಡು ಹೋಯಿತು. ಅದರಲ್ಲಿ ಒತ್ತು ಇರಲಿಲ್ಲ, ಏನೂ ಇರಲಿಲ್ಲ.

ತಲೆ ಎತ್ತಿದೆ. ಏಡತ್ತಿ ಪುಡಿಯ ಡಬ್ಬಿಯ ಮುಚ್ಚಳವನ್ನು ಎಡಗೈಯಿಂದ ಹಾಕುತ್ತಿದ್ದಳು.

‘ಯಾವಾಗಿಂದ?’ ಎಂದು ಕೇಳಿದೆ.

‘ಆವತ್ತಿಂದ. ಸುಹರಾ ಇಂಜೆಕ್ಷನ್ ಕೊಟ್ಟಳಲ್ಲ. ನಾಲ್ಕು ವಾಪಸು ಬಂತು. ಇದು ಬರಲಿಲ್ಲ.’

ಆವತ್ತು ಅಂದರೆ ನನ್ನ ಕ್ರಿಯಾಪದ ಆಕೆಯನ್ನು ಹಾಸಿಗೆಗೆ ಕೆಡವಿದ ದಿನ. ಕನ್ನಡಕ ಹಾಕಿಕೊಂಡು ಆ ಬೆರಳನ್ನು ನೋಡಿದೆ. ಆಕೆ ಒಳಗಿನ ಕೋಣೆಯತ್ತ ಗಲ್ಲ ತಿರುಗಿಸಿ ತೋರಿಸಿದಳು. ಅಲ್ಲಿ ರಜಿಷ ಕೂಸಿಗೆ ಹೊಸ ಬಟ್ಟೆ ಸುತ್ತುತ್ತಾ ಯಾರಿಗೋ ಮಕ್ಕಳ ಡಾಕ್ಟರ ಮಾತು ಹೇಳುತ್ತಿದ್ದಳು.

‘ಅವಳ ಮಾತು ಕೇಳಿ ಮೂಗು ಒತ್ತಲಿಲ್ಲ ಅಂದ್ಕೊಂಡಿದ್ದಾಳೆ. ಹಾಗೇ ಇರ್ಲಿ. ಯಾರಿಗೂ ಹೇಳ್ಬೇಡಿ. ಹೇಳಲೇಬೇಕು ಅನ್ನಿಸಿದ್ರೆ ನಿಮ್ಮ ಮಲಯಾಳದಲ್ಲಿ ಹೇಳಿ, ಯಾರಿಗೂ ಅರ್ಥ ಆಗಲ್ಲ.’

ವೇಶು ಏಡತ್ತಿ ಮೀನ ಮಾಸದಲ್ಲಿ ತೀರಿಕೊಂಡಳು. ಕೊನೆಯ ವಾರ ಸುಹರಾ ಕ್ಯಾಲೆಂಡರಿನಲ್ಲಿ ಚಂದ್ರ ಬರೆಯುವುದನ್ನು ನಿಲ್ಲಿಸಿ, ನೋವಾಗದ ಹಾಗೆ ಮಾತ್ರ ನೋಡಿಕೊಂಡಳು. ಕೂಸಿಗೆ ಈಗ ಎರಡೂವರೆ ವರ್ಷ. ಮೂಗು ದೇವರು ಕೊಟ್ಟ ಹಾಗೇ ಇದೆ, ಸ್ವಲ್ಪ ಚಪ್ಪಟೆ. ಅದನ್ನು ಎತ್ತಿಕೊಂಡು ದಾರಿಯಲ್ಲಿ ಸಿಕ್ಕಾಗಲೆಲ್ಲ ರಜಿಷ, ಅಮ್ಮಮ್ಮ ಕೊನೆಗಾದರೂ ನನ್ನ ಮಾತು ಕೇಳಿದರು ಎನ್ನುತ್ತಾಳೆ. ನಾನು ಹೌದು ಎಂದು ತಲೆಯಾಡಿಸುತ್ತೇನೆ. ಯಾವ ಭಾಷೆಯಲ್ಲೂ ಬಾಯಿ ಬಿಡುವುದಿಲ್ಲ.